ಮಿನಿಡಿವಿ ಕ್ಯಾಸೆಟ್‌ನಿಂದ ಡಿವಿಡಿಗೆ: ಚಿತ್ರ ಕೆಡದಂತೆ ಇಳಿಸುವ ಕ್ರಮ

ಹ್ಯಾಂಡಿಕ್ಯಾಮ್‌ಗಳ ಪುಟ್ಟ ಮಿನಿಡಿವಿ ಕ್ಯಾಸೆಟ್‌ನಲ್ಲಿ ಇರುವುದು ಆಗಲೇ ಡಿಜಿಟಲ್ ಚಿತ್ರ. ನಮ್ಮಲ್ಲಿನ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಅದು 720x576 ಅಳತೆಯದು, ಸೆಕೆಂಡಿಗೆ 25 ಫ್ರೇಮ್, 25 ಎಂಬಿಪಿಎಸ್ (ಸೆಕೆಂಡಿಗೆ 25 ಮೆಗಾಬಿಟ್). ಫೈರ್‌ವೈರ್ ಕೇಬಲ್‌ನಲ್ಲಿ ಕಂಪ್ಯೂಟರಿಗೆ ತಂದರೆ ಅದು ಬರೀ ನಕಲು, ಎಳ್ಳಷ್ಟೂ ಕೆಡುವುದಿಲ್ಲ. ಕೆಡುವುದು ಡಿವಿಡಿಗಾಗಿ ಎಂಪೆಗ್-2 ಎಂಬ ಡಿವಿಡಿಯ ವಿಡಿಯೋ ರೂಪಕ್ಕೆ ಕುಗ್ಗಿಸುವಾಗ. ಹಾಗಾಗಿ ಕುಗ್ಗಿಸುವ ಕೆಲಸ ಒಂದೇ ಸಲ ಆಗಬೇಕು, ಅದೂ ಕಟ್ಟಕಡೆಗೆ.

ಮಾಡಿಸಿಕೊಂಡು ಬಂದ ಡಿವಿಡಿ ಮಸುಕಾಗಿದ್ದರೆ ಹೆಚ್ಚಾಗಿ ಕಾರಣ ಎರಡೇ. ಹಳದಿ ಪಿನ್ನಿನ ಎವಿ ಕೇಬಲ್‌ನಲ್ಲಿ ಇಳಿಸಿರುತ್ತಾರೆ, ಇಲ್ಲವೇ ಮೂರು ಗಂಟೆಯ ಮದುವೆಯನ್ನು ಒಂದೇ ಡಿಸ್ಕಿಗೆ ತುರುಕಿರುತ್ತಾರೆ. ವಿಸಿಡಿ ಮಾಡಿಸಿದವರ ಪಾಡು ಇನ್ನೂ ಕಷ್ಟ. ವಿಸಿಡಿಯ ಅಳತೆ 352x288 ಮಾತ್ರ, ಅಂದರೆ ಮೂಲ ಚಿತ್ರದ ಕಾಲು ಭಾಗಕ್ಕಿಂತಲೂ ಕಡಿಮೆ. ಅದರಿಂದ ಒಳ್ಳೆಯ ಡಿವಿಡಿ ತೆಗೆಯಲು ಯಾವ ಸಾಫ್ಟ್‌ವೇರಿನಿಂದಲೂ ಆಗದು. ವಿಸಿಡಿ ಇದೆಯೆಂದು ಮೂಲ ಕ್ಯಾಸೆಟ್ ಎಸೆಯಬೇಡಿ.

ಮೊದಲು ಕ್ಯಾಸೆಟ್ ನೋಡಿ

ಕ್ಯಾಸೆಟ್‌ನ ಬೆನ್ನಿನಲ್ಲಿರುವ ಪುಟ್ಟ ಗುಂಡಿಯನ್ನು ಸೇವ್ ಕಡೆಗೆ ಸರಿಸಿ. ಆಗ ಕೈತಪ್ಪಿಯೂ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಆಮೇಲೆ ಕಿಟಕಿಯ ಮೂಲಕ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚು ಒಂದೇ ಸಮನೆ ಕಪ್ಪಗೆ, ನುಣ್ಣಗೆ ಇರಬೇಕು. ಬಿಳಿ ಚುಕ್ಕೆ, ಎಳೆ ಅಥವಾ ಪುಡಿ ಕಂಡರೆ ಅದು ಬೂಷ್ಟು. ಕರಾವಳಿ ಮತ್ತು ಮಲೆನಾಡಿನ ಮನೆಗಳ ಬೀರುವಿನಲ್ಲಿ ಮಳೆಗಾಲಗಳನ್ನು ಕಳೆದ ಕ್ಯಾಸೆಟ್‌ಗಳಲ್ಲಿ ಇದು ತೀರಾ ಸಾಮಾನ್ಯ. ಅಂಥದ್ದನ್ನು ಕ್ಯಾಮೆರಾಕ್ಕೆ ಹಾಕಲೇಬೇಡಿ. ಟೇಪನ್ನು ಓದುವ ಹೆಡ್ ಕೊಳೆಯಾಗುವುದಲ್ಲದೆ ಮುಂದೆ ಹಾಕುವ ಕ್ಯಾಸೆಟ್‌ಗೂ ಬೂಷ್ಟು ಹತ್ತುತ್ತದೆ. ಟೇಪ್ ಸ್ವಚ್ಛ ಮಾಡಿಕೊಡುವವರಿಗೇ ಅದನ್ನು ಒಪ್ಪಿಸಿ.

ಚೆನ್ನಾಗಿರುವ ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಮೊದಲಿಗೆ ಸುತ್ತಿಸಿ. ವರ್ಷಗಟ್ಟಲೆ ಹಾಗೇ ಬಿದ್ದ ಟೇಪಿನ ಬಿಗಿ ಇದರಿಂದ ಸಮನಾಗುತ್ತದೆ. ಎಸಿ ಕೋಣೆಯಿಂದ ತಂದ ಕ್ಯಾಮೆರಾವನ್ನು ಒಂದೆರಡು ಗಂಟೆ ಹಾಗೇ ಬಿಟ್ಟು ಆಮೇಲೆ ಚಾಲೂ ಮಾಡಿ. ಒಳಗೆ ತೇವ ಕೂತಿದ್ದರೆ ಟೇಪ್ ಹೆಡ್ ಇರುವ ತಿರುಗುವ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ.

ಯಾವ ಕ್ಯಾಮೆರಾದಲ್ಲಿ ಹಾಕಬೇಕು ಎನ್ನುವುದೂ ಮುಖ್ಯ. ಎಲ್‌ಪಿ ಮೋಡ್‌ನಲ್ಲಿ (ಟೇಪ್ ನಿಧಾನವಾಗಿ ಓಡಿ ಹೆಚ್ಚು ಹೊತ್ತು ಹಿಡಿಯುವ ಕ್ರಮ) ತೆಗೆದ ಟೇಪ್, ತೆಗೆದ ಕ್ಯಾಮೆರಾದಲ್ಲೇ ಸರಿಯಾಗಿ ಓಡುವ ಸಂಭವ ಹೆಚ್ಚು. ಸೋನಿ ಪಿಡಿ170 ತರಹದ ಕ್ಯಾಮೆರಾದಲ್ಲಿ ಮದುವೆ ತೆಗೆಸಿದ್ದರೆ ಅದು ಡಿವಿಕ್ಯಾಮ್ ಎಂಬ, ಟೇಪ್ ವೇಗವಾಗಿ ಓಡುವ ವೃತ್ತಿಪರ ಮೋಡ್‌ನಲ್ಲಿ ಇರಬಹುದು. 60 ನಿಮಿಷದ ಕ್ಯಾಸೆಟ್‌ನಲ್ಲಿ 40 ನಿಮಿಷ ಮಾತ್ರ ಹಿಡಿದಿದ್ದರೆ ಅದೇ ಗುರುತು. ಮನೆಬಳಕೆಯ ಎಲ್ಲ ಹ್ಯಾಂಡಿಕ್ಯಾಮ್‌ಗಳೂ ಅದನ್ನು ಓದುವುದಿಲ್ಲ.

ಕಂಪ್ಯೂಟರಿಗೆ ಇಳಿಸುವುದು

ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿ ಇದ್ದರೂ ಅದನ್ನು ನಂಬಬೇಡಿ. ಹೆಚ್ಚಿನ ಮಿನಿಡಿವಿ ಕ್ಯಾಮೆರಾಗಳಲ್ಲಿ ಅದು ಫೋಟೋಗೆ ಅಥವಾ ವೆಬ್‌ಕ್ಯಾಮ್ ಮಟ್ಟದ ಚಿತ್ರಕ್ಕೆ ಮಾತ್ರ. ಬೇಕಾದದ್ದು ಡಿವಿ ಅಥವಾ ಐ-ಲಿಂಕ್ ಎಂದು ಬರೆದಿರುವ 4 ಪಿನ್ನಿನ ಕಿಂಡಿ, ಅದೇ ಫೈರ್‌ವೈರ್. ಡೆಸ್ಕ್‌ಟಾಪ್‌ಗೆ ಒಂದು ಫೈರ್‌ವೈರ್ ಕಾರ್ಡ್ ಹಾಕಿಸಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಕಾರ್ಡ್‌ಗಳು ಕಿರಿಕಿರಿ ಕೊಡುವುದು ಕಡಿಮೆ. ಫೈರ್‌ವೈರಿನಿಂದ ಯುಎಸ್‌ಬಿಗೆ ಎಂದು ಮಾರುವ ಅಗ್ಗದ ಪುಟ್ಟ ಅಡಾಪ್ಟರ್‌ಗಳು ಕೆಲಸಕ್ಕೆ ಬರುವುದಿಲ್ಲ, ದುಡ್ಡು ದಂಡ. ವಿಂಡೋಸ್ 10ರಲ್ಲಿ ಕ್ಯಾಮೆರಾ ಕಾಣಿಸದಿದ್ದರೆ ಮೈಕ್ರೋಸಾಫ್ಟ್‌ನ 1394 (ಫೈರ್‌ವೈರಿನ ಇನ್ನೊಂದು ಹೆಸರು) ಲೆಗಸಿ ಡ್ರೈವರ್ ಹಾಕಿ, ಡಿವೈಸ್ ಮ್ಯಾನೇಜರ್‌ನಲ್ಲಿ ಅದನ್ನೇ ಆರಿಸಿ.

ಕೇಬಲ್ ಚುಚ್ಚುವಾಗ ಕ್ಯಾಮೆರಾ ಆಫ್ ಇರಲಿ. ಕಾರ್ಡಿನ ಕಡೆಯ 6 ಪಿನ್ನಿನ ತುದಿಯಲ್ಲಿ ವಿದ್ಯುತ್ ಇರುತ್ತದೆ. ಅದನ್ನು ತಿರುಗಿಸಿ ಬಲವಂತವಾಗಿ ತುರುಕಿದರೆ ಕಿಂಡಿಯೇ ಸುಟ್ಟುಹೋಗುತ್ತದೆ. ಕ್ಯಾಮೆರಾವನ್ನು ಬ್ಯಾಟರಿಯಲ್ಲಿ ಓಡಿಸದೆ ಅಡಾಪ್ಟರ್ ಹಾಕಿ, ಪ್ಲೇ ಮೋಡ್‌ನಲ್ಲಿ ಇಡಿ.

ವಿನ್‌ಡಿವಿ ಎಂಬ ಪುಟ್ಟ ಉಚಿತ ತಂತ್ರಾಂಶ ಸಾಕು. ಲಿನಕ್ಸ್‌ನಲ್ಲಿ ಡಿವಿಗ್ರಾಬ್ ಇದೆ. ಫೈಲನ್ನು ಡಿವಿ ಎವಿಐ, ಟೈಪ್-2 ಎಂದೇ ಉಳಿಸಿ. ಇಳಿಸುವಾಗಲೇ ಎಂಪಿ4 ಅಥವಾ ಎಂಪೆಗ್ ಮಾಡಿಕೊಡುವ ಆಯ್ಕೆಯನ್ನು ಮುಟ್ಟಬೇಡಿ. ಒಂದು ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಹಾರ್ಡ್ ಡಿಸ್ಕ್ ಎನ್‌ಟಿಎಫ್‌ಎಸ್ ಎಂದು ಫಾರ್ಮ್ಯಾಟ್ ಆಗಿರಲಿ, ಫ್ಯಾಟ್32 ಆದರೆ 4 ಜಿಬಿಗೇ ಫೈಲ್ ನಿಂತುಹೋಗುತ್ತದೆ.

ಇಳಿಸಿ ಮುಗಿದ ಮೇಲೆ ಬಿಟ್ಟುಹೋದ ಫ್ರೇಮ್‌ಗಳ ಲೆಕ್ಕ ನೋಡಿ, ಅದು ಸೊನ್ನೆ ಇರಬೇಕು. ಇಲ್ಲದಿದ್ದರೆ ಆಂಟಿವೈರಸ್, ಸ್ಲೀಪ್ ಮೋಡ್ ಆಫ್ ಮಾಡಿ ಮತ್ತೆ ಇಳಿಸಿ. ಚಿತ್ರದಲ್ಲಿ ಚೌಕ ಚೌಕವಾಗಿ ಒಡಕು ಕಂಡರೆ ಆ ಭಾಗವನ್ನು ಎರಡನೇ ಸಲ ಓಡಿಸಿ. ಒಡಕು ಬೇರೆ ಬೇರೆ ಕಡೆ ಬಂದರೆ ಕೊಳೆ ಹೆಡ್‌ನಲ್ಲಿದೆ, ಕ್ಲೀನಿಂಗ್ ಕ್ಯಾಸೆಟ್ ಹಾಕಿ 10 ಸೆಕೆಂಡ್ ಓಡಿಸಿ ನಿಲ್ಲಿಸಿ. ಅದು ಹೆಡ್ಡನ್ನು ಉಜ್ಜುವ ವಸ್ತು, ಹೆಚ್ಚು ಓಡಿಸಿದರೆ ಹೆಡ್ ಸವೆಯುತ್ತದೆ. ಅದೇ ಜಾಗದಲ್ಲೇ ಒಡಕು ಮತ್ತೆ ಬಂದರೆ ಕೆಟ್ಟಿರುವುದು ಟೇಪ್. ಬೇರೆ ಕ್ಯಾಮೆರಾದಲ್ಲಿ ಒಮ್ಮೆ ಪ್ರಯತ್ನಿಸಿ, ಎಷ್ಟೋ ಸಲ ಅದು ಓದುತ್ತದೆ.

ಗೆರೆಗಳನ್ನು ಕಂಡು ಗಾಬರಿಯಾಗಬೇಡಿ

ಕಂಪ್ಯೂಟರಿನಲ್ಲಿ ನೋಡುವಾಗ, ಮದುಮಗಳು ಹಾರ ಎತ್ತಿದ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಅಡ್ಡ ಗೆರೆಗಳು ಕಾಣುತ್ತವೆ. ಅದು ದೋಷವಲ್ಲ. ಈ ಚಿತ್ರ ಇಂಟರ್‌ಲೇಸ್ಡ್: ಒಂದು ಫ್ರೇಮ್‌ನಲ್ಲಿ ಎರಡು ಫೀಲ್ಡ್ (ಒಂದು ಬಿಟ್ಟು ಒಂದು ಗೆರೆಗಳ ಅರ್ಧ ಚಿತ್ರ), ಸೆಕೆಂಡಿಗೆ 50 ಫೀಲ್ಡ್. ಟಿವಿಯಲ್ಲಿ ಚಲನೆ ನಯವಾಗಿ ಕಾಣುವುದು ಇದರಿಂದಲೇ. ಗೆರೆ ಹೋಗಲೆಂದು ಫೀಲ್ಡ್‌ಗಳನ್ನು ಒಂದಾಗಿಸುವ ಡಿಇಂಟರ್‌ಲೇಸ್ ಒತ್ತಿ 25 ಫ್ರೇಮ್ ಮಾಡಿಟ್ಟರೆ ಅರ್ಧ ಚಲನೆ ಶಾಶ್ವತವಾಗಿ ಹೋಯಿತು. ಡಿವಿಡಿಯೂ ಇಂಟರ್‌ಲೇಸ್ಡ್ ಚಿತ್ರವನ್ನೇ ಹಿಡಿಯುತ್ತದೆ, ಇದ್ದಂತೆಯೇ ಬಿಡಿ.

ಆದರೆ ಫೀಲ್ಡ್‌ಗಳ ಸರದಿ ತಪ್ಪಬಾರದು. ಡಿವಿಯಲ್ಲಿ ಕೆಳ ಫೀಲ್ಡ್ ಮೊದಲು, ನಂತರದ ಎವಿಸಿಎಚ್‌ಡಿ (ಎಚ್‌ಡಿ) ಕ್ಯಾಮೆರಾಗಳಲ್ಲಿ ಮೇಲಿನ ಫೀಲ್ಡ್ ಮೊದಲು. ಎಂಪೆಗ್-2ಕ್ಕೆ ಕುಗ್ಗಿಸುವ ತಂತ್ರಾಂಶವಾದ ಎನ್‌ಕೋಡರ್‌ನಲ್ಲಿ ಲೋವರ್ ಅಥವಾ ಬಾಟಮ್ ಫೀಲ್ಡ್ ಫಸ್ಟ್ ಎಂದು ಆರಿಸಿ. ತಪ್ಪಾದರೆ ನಿಂತವರು ಚೆನ್ನಾಗಿಯೇ ಕಾಣುತ್ತಾರೆ, ನಡೆಯುವವರು ಮಾತ್ರ ಹಿಂದೆ ಮುಂದೆ ನಡುಗುತ್ತಾರೆ. ನಿಂತ ದೃಶ್ಯ ನೋಡಿ ಸರಿಯಿದೆ ಎನ್ನಬೇಡಿ. ಜನ ಓಡಾಡುವ ಎರಡು ನಿಮಿಷ ಕತ್ತರಿಸಿ, ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯು ಮೇಲೆ ಬರೆದು ಟಿವಿಯಲ್ಲಿ ನೋಡಿ.

ಅಳತೆಯನ್ನೂ ಬದಲಿಸಬೇಡಿ. ಅಗಲ ಪರದೆಯಲ್ಲಿ ತೆಗೆದದ್ದಾದರೆ 16:9, ಇಲ್ಲವಾದರೆ 4:3 ಎಂದು ಗುರುತು ಹಾಕಿದರೆ ಸಾಕು, 720x576 ಹಾಗೇ ಇರಲಿ. ಅಮೆರಿಕದಿಂದ ಬಂಧುಗಳು ತಂದ ಟೇಪ್ ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಆಗಿರುತ್ತದೆ: 720x480, 29.97 ಫ್ರೇಮ್. ಅದನ್ನು ಪಾಲ್‌ಗೆ ಬದಲಿಸದೆ ಎನ್‌ಟಿಎಸ್‌ಸಿ ಡಿವಿಡಿಯನ್ನೇ ಮಾಡಿ. ಇಲ್ಲಿನ ಹೆಚ್ಚಿನ ಪ್ಲೇಯರ್‌ಗಳು ಎರಡನ್ನೂ ಓಡಿಸುತ್ತವೆ.

ಬಿಟ್‌ರೇಟ್ ಲೆಕ್ಕ

ಬಿಟ್‌ರೇಟ್ ಎಂದರೆ ಒಂದು ಸೆಕೆಂಡಿನ ಚಿತ್ರಕ್ಕೆ ಸಿಗುವ ಮೆಗಾಬಿಟ್. 4.7 ಜಿಬಿ ಡಿಸ್ಕ್ ಎಂದರೆ 37,600 ಮೆಗಾಬಿಟ್. ಅದನ್ನು ಒಟ್ಟು ಸೆಕೆಂಡುಗಳಿಂದ ಭಾಗಿಸಿ, ಶೇ 5 ಬಿಟ್ಟು, ಧ್ವನಿಗೆ 0.25 ಕಳೆಯಿರಿ. 90 ನಿಮಿಷಕ್ಕೆ ಸುಮಾರು 6.3 ಎಂಬಿಪಿಎಸ್ ಸಿಗುತ್ತದೆ. ಎರಡು ಗಂಟೆಗೆ 4.7 ಮಾತ್ರ. ಒಂದು ಗಂಟೆಯದ್ದಾದರೆ ಲೆಕ್ಕಕ್ಕೆ ಇನ್ನೂ ಹೆಚ್ಚು ಬಂದರೂ 8ಕ್ಕೆ ನಿಲ್ಲಿಸಿ. ಡಿವಿಡಿ ನಿಯಮ 9.8ರವರೆಗೆ ಬಿಡುತ್ತದೆ, ಆದರೆ ಮನೆಯಲ್ಲಿ ಬರೆದ ಡಿಸ್ಕ್ ಅಷ್ಟು ವೇಗದಲ್ಲಿ ಹಳೆಯ ಪ್ಲೇಯರ್‌ಗಳಲ್ಲಿ ತಡವರಿಸುತ್ತದೆ.

ಕೈಯಲ್ಲಿ ಹಿಡಿದು ತೆಗೆದ, ಸದಾ ಅಲುಗುವ, ಛತ್ರದ ಮಂದ ಬೆಳಕಿನ ಚಿತ್ರಕ್ಕೆ ಸಿನಿಮಾಕ್ಕಿಂತ ಹೆಚ್ಚು ಬಿಟ್‌ರೇಟ್ ಬೇಕು. 6ಕ್ಕಿಂತ ಕೆಳಗಿಳಿದರೆ ಆರತಿಯ ಹೊಗೆ, ರೇಷ್ಮೆ ಸೀರೆಯ ಜರಿ, ಮಳೆ ಎಲ್ಲವೂ ಚೌಕಗಳಾಗಿ ಒಡೆಯುತ್ತವೆ. ಆದ್ದರಿಂದ ಒಂದು ಕ್ಯಾಸೆಟ್‌ಗೆ ಒಂದು ಡಿಸ್ಕ್ ಎಂದೇ ಇಟ್ಟುಕೊಳ್ಳಿ. 90 ನಿಮಿಷ ದಾಟಿದರೆ ಎರಡು ಡಿಸ್ಕ್ ಮಾಡಿ, ಟು-ಪಾಸ್ ವಿಬಿಆರ್ (ಚಿತ್ರವನ್ನು ಎರಡು ಸಲ ಓದಿ ಬೇಕಾದ ಕಡೆ ಹೆಚ್ಚು ಬಿಟ್ ಕೊಡುವ ಆಯ್ಕೆ) ಬಳಸಿ. ಕತ್ತಲೆಯ ದೃಶ್ಯಗಳಲ್ಲಿ ಕಾಳು ಕಾಳು ಹೆಚ್ಚಿದ್ದರೆ ತೆಳುವಾಗಿ ನಾಯ್ಸ್ ಕಡಿಮೆ ಮಾಡಬಹುದು, ಆ ಕಾಳುಗಳೇ ಬಿಟ್‌ರೇಟನ್ನು ನುಂಗುತ್ತವೆ. ಶಾರ್ಪ್ ಮಾಡುವುದು ಬೇಡ.

ಧ್ವನಿ 12 ಬಿಟ್‌ನಲ್ಲಿ ರೆಕಾರ್ಡ್ ಆಗಿದ್ದರೆ ಅದು 32 ಕಿಲೋಹರ್ಟ್ಜ್. ಡಿವಿಡಿಗೆ 48 ಬೇಕು, ಬದಲಿಸಿ ಎಸಿ3 ಎಂಬ ಡಿವಿಡಿಯ ಧ್ವನಿ ರೂಪಕ್ಕೆ ಮಾಡಿ.

ಬರೆಯುವುದು

16x ಡಿವಿಡಿ-ಆರ್ ಅನ್ನು 8x ವೇಗದಲ್ಲಿ ಬರೆಯಿರಿ, ಬೇರೆ ಪ್ಲೇಯರ್‌ಗಳಲ್ಲೂ ಓಡುವಂತೆ ಫೈನಲೈಸ್ ಮಾಡಿ, ಬರೆದದ್ದನ್ನು ಪರೀಕ್ಷಿಸುವ ವೆರಿಫೈ ಆಯ್ಕೆಯನ್ನು ಬಿಡಬೇಡಿ. ಕಾಗದದ ಲೇಬಲ್ ಅಂಟಿಸಿದರೆ ಡಿಸ್ಕಿನ ತೂಕ ವಾಲುತ್ತದೆ, ಬಿಸಿಗೆ ಅದು ಡೊಂಕಾಗುತ್ತದೆ. ನಡುವಿನ ಪಾರದರ್ಶಕ ಉಂಗುರದ ಮೇಲೆ ಡಿಸ್ಕಿಗೆಂದೇ ಸಿಗುವ ಮಾರ್ಕರ್‌ನಲ್ಲಿ ತಾರೀಖು ಬರೆದರೆ ಸಾಕು. ಡಿವಿಡಿ ಬರೀ ನೋಡಲು. ಎವಿಐ ಫೈಲ್‌ಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ. ಮುಂದೆ ಪೆನ್‌ಡ್ರೈವ್‌ಗೋ ಫೋನಿಗೋ ಬೇಕಾದಾಗ ಡಿವಿಡಿಯಿಂದ ತೆಗೆಯದೆ ಆ ಫೈಲ್‌ನಿಂದಲೇ ಮಾಡಿಕೊಳ್ಳಿ.