ಒತ್ತಿ ಹಿಡಿದರೆ ಕಂಟ್ರೋಲ್, ತಟ್ಟಿ ಬಿಟ್ಟರೆ ಮೆನು

ಹೊಸ ಆಫೀಸ್ ಲ್ಯಾಪ್‌ಟಾಪ್‌ಗಳ ಕೀಬೋರ್ಡಿನ ಕೊನೆಯ ಸಾಲನ್ನು ನೋಡಿದವರಿಗೆ ಈ ಸಂಕಟ ಗೊತ್ತು. ಬಲಗಡೆ ಕಂಟ್ರೋಲ್ ಇದ್ದ ಜಾಗದಲ್ಲಿ, ಮೈಕ್ರೋಸಾಫ್ಟ್‌ನ ಕೃತಕ ಬುದ್ಧಿಮತ್ತೆ ಸಹಾಯಕವನ್ನು ತೆರೆಯುವ ಕೋಪೈಲಟ್ ಕೀ ಬಂದು ಕುಳಿತಿದೆ. ಮೌಸ್‌ನ ಬಲ ಕ್ಲಿಕ್ಕಿನ ಪಟ್ಟಿಯನ್ನು ತೆರೆಯುವ ಮೆನು ಕೀಯನ್ನಂತೂ ಹುಡುಕುವುದೇ ಬೇಡ. ಆ ಕೋಪೈಲಟ್ ಕೀ ಒಂದನ್ನೇ ಒತ್ತಿ ಹಿಡಿದರೆ ಕಂಟ್ರೋಲ್, ತಟ್ಟಿ ಬಿಟ್ಟರೆ ಮೆನು ಆಗುವಂತೆ ಮಾಡಬಹುದು ಎಂದು ನಾನು ಹೇಳಿದಾಗ ನಮ್ಮ ಐಟಿ ವಿಭಾಗದಲ್ಲಿ ಯಾರೂ ನಂಬಲಿಲ್ಲ. "ಅದು ನಿಜವಾದ ಕೀಯೇ ಅಲ್ಲ, ಬಿಟ್ಟುಬಿಡಿ" ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ಲ್ಯಾಪ್‌ಟಾಪ್ ಮಾರಿದವರ ಸಹಾಯವಾಣಿಯಿಂದ ಬಂದ ಉತ್ತರವೂ ಅದೇ, ಮಾತು ಮಾತ್ರ ಇನ್ನಷ್ಟು ನಯವಾಗಿತ್ತು. ಈಗ ನಮ್ಮ ಹತ್ತಿರಹತ್ತಿರ ಎಪ್ಪತ್ತು ಯಂತ್ರಗಳಲ್ಲಿ ಹತ್ತು ಹನ್ನೆರಡನ್ನು ಬಿಟ್ಟು ಉಳಿದವುಗಳಲ್ಲಿ ಅದು ತಿಂಗಳುಗಟ್ಟಲೆಯಿಂದ ತಕರಾರಿಲ್ಲದೆ ನಡೆಯುತ್ತಿದೆ. ಹಾಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಕೋಶ) ತಿದ್ದುವುದು ಹೇಗೆ, ಬಯೋಸ್ (ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಚಾಲೂ ಮಾಡುವ ಮೂಲ ವ್ಯವಸ್ಥೆ) ತೆರೆಯುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಸಹೋದ್ಯೋಗಿಯ ಮಾತಿನಲ್ಲಿ ಹುರುಳಿತ್ತು ಎಂಬುದನ್ನು ಒಪ್ಪಬೇಕು. ಮೈಕ್ರೋಸಾಫ್ಟ್ 2024ರ ಜನವರಿ 4ರಂದು ಪ್ರಕಟಿಸಿದ ಈ ಕೀಗೆ ತನ್ನದೇ ಆದ ಸಂಕೇತವಿಲ್ಲ. ಒತ್ತಿದರೆ ಎಡ ವಿಂಡೋಸ್, ಎಡ ಶಿಫ್ಟ್ ಮತ್ತು ಎಫ್23 ಈ ಮೂರನ್ನೂ ಒಟ್ಟಿಗೆ ಕಳುಹಿಸುತ್ತದೆ. ಐಬಿಎಂನ 122 ಕೀಗಳ ಹಳೆಯ ಟರ್ಮಿನಲ್ ಕೀಬೋರ್ಡ್‌ಗಳಲ್ಲಿ ಎಫ್24ರವರೆಗೂ ಕೀಗಳಿದ್ದವು. ಆ ಕಾಲದ ಉಳಿಕೆಯಾದ ಎಫ್23 ಇಷ್ಟು ವರ್ಷಗಳ ಮೇಲೆ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಎದ್ದು ಬಂದದ್ದು ನನಗೆ ಇಂದಿಗೂ ತಮಾಷೆಯಾಗಿ ಕಾಣುತ್ತದೆ.

ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ ಎಂದು ಕೇಳುವವರಿಗೆ ಮೂರು ಮೇಜುಗಳನ್ನು ತೋರಿಸುತ್ತೇನೆ. ಲೆಕ್ಕಪತ್ರ ವಿಭಾಗದವರು ಎಡಗೈಯಲ್ಲಿ ಕಾಗದ ಹಿಡಿದು, ಬಲಗೈ ಒಂದರಲ್ಲೇ ಕಂಟ್ರೋಲ್ ಮತ್ತು ಬಾಣದ ಕೀ ಒತ್ತುತ್ತ ಎಕ್ಸೆಲ್ ಹಾಳೆಯ ತುದಿಯಿಂದ ತುದಿಗೆ ಓಡುತ್ತಾರೆ. ತಂತ್ರಾಂಶ ಪರೀಕ್ಷೆ ಮಾಡುವವರು ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್ ಬಳಸುತ್ತಾರೆ. ಅದರ ಹೋಸ್ಟ್ ಕೀ, ಅಂದರೆ ಒಳಗಿನ ಕಂಪ್ಯೂಟರಿನಿಂದ ಹೊರಬರಲು ಒತ್ತುವ ಕೀ, ಮೊದಲಿನಿಂದಲೂ ಬಲ ಕಂಟ್ರೋಲ್. ಮೂರನೆಯವರು ಅಂಧರಾದ ಸಹೋದ್ಯೋಗಿ. ಅವರ ಕೆಲಸವೆಲ್ಲ ಪರದೆಯಲ್ಲಿರುವುದನ್ನು ಓದಿ ಹೇಳುವ ಪರದೆವಾಚಕದ ಮೇಲೆ, ಮೆನು ಕೀ ದಿನಕ್ಕೆ ನೂರಾರು ಸಲ ಬೇಕು. ಶಿಫ್ಟ್ ಮತ್ತು ಎಫ್10 ಒತ್ತಿದರೂ ಅದೇ ಮೆನು ಬರುತ್ತದೆ, ನಿಜ. ಆದರೆ ಹೊಸ ಯಂತ್ರಗಳಲ್ಲಿ ಎಫ್10 ಸಿಗಬೇಕಾದರೆ ಎಫ್‌ಎನ್ (Fn) ಕೀ ಕೂಡ ಒತ್ತಬೇಕು. ಹೀಗೆ ಒಂದು ಕೀಯ ಕೆಲಸಕ್ಕೆ ಮೂರು ಬೆರಳು ಬೇಕಾಯಿತು. ನಾನು ಹಟ ಹಿಡಿದದ್ದು ಮುಖ್ಯವಾಗಿ ಅವರಿಗಾಗಿ.

ಮೇಲಿನವರ ಪರಿಹಾರ ಸುಲಭವಾಗಿತ್ತು: ಎಲ್ಲರಿಗೂ ಹೊರಗಿನ ಕೀಬೋರ್ಡ್ ಕೊಡಿಸಿಬಿಡಿ. ಲೆಕ್ಕ ಹಾಕಿ ತೋರಿಸಿದೆ. ಕೈಗೆ ಒಗ್ಗುವಂಥ ಕೀಬೋರ್ಡ್ ಒಂದಕ್ಕೆ ಲ್ಯಾಪ್‌ಟಾಪ್ ಬೆಲೆಯ ಇಪ್ಪತ್ತರಲ್ಲೊಂದು ಪಾಲು ಎಂದಿಟ್ಟುಕೊಂಡರೂ ಎಪ್ಪತ್ತಕ್ಕೆ ಮೂರೂವರೆ ಲ್ಯಾಪ್‌ಟಾಪ್‌ಗಳ ಹಣ ಹೋಗುತ್ತದೆ. ಅಷ್ಟು ಕೊಟ್ಟ ಮೇಲೂ ಸಭೆಯ ಕೋಣೆಯಲ್ಲಿ, ಪ್ರಯಾಣದಲ್ಲಿ ಅದೇ ಹಳೆಯ ಗೋಳು. ಕಡತ ಅಲ್ಲಿಗೇ ನಿಂತಿತು. ನನಗೆ ಸಿಕ್ಕಿದ್ದು "ಸರಿ, ಏನು ಮಾಡುತ್ತೀರೋ ಮಾಡಿ, ಹಣ ಮಾತ್ರ ಕೇಳಬೇಡಿ" ಎಂಬ ಅಪ್ಪಣೆ.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲೇ ಕೋಪೈಲಟ್ ಕೀ ಬದಲಿಸುವ ಆಯ್ಕೆ ಇದೆ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಅದರಿಂದ ಉಪಯೋಗವಿಲ್ಲ. ಅಲ್ಲಿ ಹುಡುಕಾಟವನ್ನು ಆರಿಸಬಹುದು, ಇಲ್ಲವೇ ಎಂಎಸ್‌ಐಎಕ್ಸ್ ಎಂಬ ಪ್ಯಾಕೇಜ್ ರೂಪದಲ್ಲಿರುವ, ಡಿಜಿಟಲ್ ಸಹಿ ಇರುವ ಆ್ಯಪ್ ಒಂದನ್ನು ಆರಿಸಬಹುದು. ಕಂಟ್ರೋಲ್ ಎಂಬುದು ಆ್ಯಪ್ ಅಲ್ಲವಲ್ಲ.

ಆಮೇಲೆ ಎಲ್ಲರೂ ಮಾಡುವಂತೆ ರಿಜಿಸ್ಟ್ರಿಯ ಸ್ಕ್ಯಾನ್‌ಕೋಡ್ ಮ್ಯಾಪ್‌ಗೆ, ಅಂದರೆ ಯಾವ ಕೀ ಯಾವುದಾಗಿ ಕೆಲಸ ಮಾಡಬೇಕೆಂಬ ಪಟ್ಟಿಗೆ, ಕೈಹಾಕಿದೆ. ಎಫ್23ರ ಸಂಕೇತ 6ಇ, ಬಲ ಕಂಟ್ರೋಲ್‌ನದು ಇ0 1ಡಿ. ಹೊಸದು ಮೊದಲು, ಹಳೆಯದು ಆಮೇಲೆ, ಬೈಟ್‌ಗಳು ತಿರುವುಮುರುವು. ಎಣಿಕೆಯಲ್ಲಿ ಕೊನೆಯ ಖಾಲಿ ನಮೂದನ್ನೂ ಸೇರಿಸಬೇಕು. ಇದನ್ನು ಮರೆತು ಅರ್ಧ ದಿನ ಕಳೆದವರು ನನಗೆ ಗೊತ್ತು. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಬದಲಾವಣೆ ಜಾರಿಗೆ ಬಂದಿತ್ತು. ಆದರೆ ಎಫ್23 ಮಾತ್ರ ಕಂಟ್ರೋಲ್ ಆಯಿತೇ ಹೊರತು, ಅದರ ಜೊತೆಗೆ ಬರುವ ವಿಂಡೋಸ್ ಮತ್ತು ಶಿಫ್ಟ್ ಎಲ್ಲಿ ಹೋಗಬೇಕು? ಪ್ರಯೋಗಕ್ಕೆ ಒಪ್ಪಿದ್ದ ಒಬ್ಬರು ಅಕ್ಷರಗಳನ್ನು ದಪ್ಪ ಮಾಡಲೆಂದು ಆ ಕೀ ಹಿಡಿದು ಬಿ ಒತ್ತಿದರು. ಪರದೆ ಒಮ್ಮೆ ಕಪ್ಪಾಗಿ, ಬೀಪ್ ಸದ್ದು ಬಂದು, ಮತ್ತೆ ಬೆಳಗಿತು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಬಿದ್ದರೆ ಗ್ರಾಫಿಕ್ಸ್ ಚಾಲಕ ಮರುಚಾಲನೆಯಾಗುತ್ತದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು! "ನಿಮ್ಮ ಕೀ ನನ್ನ ಲ್ಯಾಪ್‌ಟಾಪನ್ನೇ ಸುಟ್ಟಿತು" ಎಂಬ ಸುದ್ದಿ ಮಧ್ಯಾಹ್ನದೊಳಗೆ ಮೂರು ಮಹಡಿ ಹತ್ತಿತ್ತು.

ಮೈಕ್ರೋಸಾಫ್ಟ್‌ನದೇ ಉಪಕರಣಗಳ ಕಟ್ಟಾದ ಪವರ್‌ಟಾಯ್ಸ್‌ನಲ್ಲಿ ಮೂರೂ ಕೀಗಳ ಜೋಡಣೆಯನ್ನು ಒಂದೇ ಶಾರ್ಟ್‌ಕಟ್ ಎಂದು ಹಿಡಿದು ಬದಲಿಸಬಹುದು. ಒಂಟಿ ಯಂತ್ರಕ್ಕೆ ಅದು ಸಾಕು. ಆದರೆ ತಟ್ಟಿದರೊಂದು, ಹಿಡಿದರೊಂದು ಎಂಬ ಲೆಕ್ಕ ಅದಕ್ಕೆ ಗೊತ್ತಿಲ್ಲ. ನನಗೆ ಬೇಕಾಗಿದ್ದುದೇ ಅದು.

ಕೊನೆಗೆ ಕೆಲಸ ಮಾಡಿದ್ದು ಕೀಗಳ ಕೆಲಸ ಬದಲಿಸಲು ಬಳಸುವ ಆಟೋಹಾಟ್‌ಕೀ ಎಂಬ ತಂತ್ರಾಂಶದ ಎರಡನೇ ಆವೃತ್ತಿಯಲ್ಲಿ ಬರೆದ, ನಲವತ್ತು ಸಾಲು ದಾಟದ ಒಂದು ಸ್ಕ್ರಿಪ್ಟ್. ಮೂರು ಕೀಗಳ ಗುಂಪು ಬಂದ ಕೂಡಲೇ ಎಫ್23ನ್ನು ಅಲ್ಲೇ ನುಂಗಿ, ಶಿಫ್ಟ್ ಮತ್ತು ವಿಂಡೋಸ್ ಬಿಟ್ಟಂತೆ ಕಳುಹಿಸಿ, ಬಲ ಕಂಟ್ರೋಲ್ ಒತ್ತಿದಂತೆ ಕಳುಹಿಸುತ್ತದೆ. ಎಫ್23 ಮೇಲೇಳುವವರೆಗೆ ಕಾಯುತ್ತದೆ. ಎದ್ದ ಮೇಲೆ ಕಂಟ್ರೋಲನ್ನು ಬಿಡಿಸಿ ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ: ನಡುವೆ ಬೇರೆ ಕೀ ಬಿದ್ದಿದೆಯೇ? ಹಿಡಿದದ್ದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಕಡಿಮೆಯೇ? ಬೇರೆ ಕೀ ಬಿದ್ದಿಲ್ಲ, ಹೊತ್ತೂ ಕಡಿಮೆ ಎಂದಾದರೆ ಮೆನು ಕೀಯನ್ನು ಕಳುಹಿಸುತ್ತದೆ. ಅಂಧ ಸಹೋದ್ಯೋಗಿಗೆ ಆ ಅವಧಿಯನ್ನು ಸುಮಾರು ಒಂದೂವರೆ ಪಟ್ಟು ಹೆಚ್ಚಿಸಿದೆ. ಅವರು ಕೀಯನ್ನು ಬೆರಳಿನಿಂದ ಖಚಿತಪಡಿಸಿಕೊಂಡೇ ಒತ್ತುವುದರಿಂದ ಸ್ವಲ್ಪ ಹೆಚ್ಚು ಹೊತ್ತು ಒತ್ತಿರುತ್ತದೆ.

ಕೇಳಲು ಸರಳ, ಆದರೆ ಎರಡು ಕಡೆ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ. ವಿಂಡೋಸ್ ಕೀಯನ್ನು ಸುಮ್ಮನೆ ಬಿಡಿಸಿದರೆ ಸ್ಟಾರ್ಟ್ ಮೆನು ತೆರೆದುಕೊಳ್ಳುವ ಅಪಾಯವಿದೆ. ಬಿಡಿಸುವ ಮೊದಲು ಯಾವ ಕೆಲಸಕ್ಕೂ ಬಾರದ ಒಂದು ಕೀಯನ್ನು ಕಳುಹಿಸಬೇಕು. ಆಟೋಹಾಟ್‌ಕೀ ಬಲ್ಲವರಿಗೆ ಆ ಮರೆಮಾಚುವ ಕೀ ಗೊತ್ತೇ ಇರುತ್ತದೆ. ಎರಡನೆಯದೇ ನಿಜವಾದ ತಲೆನೋವು. ಕಂಟ್ರೋಲ್ ಹಿಡಿದು, ಶಿಫ್ಟ್ ಹಿಡಿದು, ಬಾಣದ ಕೀಯಿಂದ ಇಡೀ ಕಾಲಂ ಆಯ್ದುಕೊಳ್ಳುವುದು ಲೆಕ್ಕಪತ್ರದವರ ನಿತ್ಯದ ಕೆಲಸ. ಬೆರಳು ಒತ್ತಿರುವುದೂ ಎಡ ಶಿಫ್ಟ್, ಕೋಪೈಲಟ್ ಕೀ ಕಳುಹಿಸುವುದೂ ಎಡ ಶಿಫ್ಟ್. ಎರಡನೆಯದನ್ನು ಬಿಡಿಸಲು ಹೋದರೆ ಮೊದಲನೆಯದೂ ಹೋಗಿ ಆಯ್ಕೆ ಕಳಚಿಬೀಳುತ್ತದೆ. ಇದನ್ನು ಬೇರ್ಪಡಿಸಲು ವಾರಗಟ್ಟಲೆ ಒದ್ದಾಡಿದ್ದೇನೆ. ವಿಧಾನವನ್ನು ಪೂರ್ತಿ ಬಿಚ್ಚಿಡಲು ಮನಸ್ಸಿಲ್ಲ. ಯಂತ್ರ ಎರಡು ಕೀಗಳನ್ನು ಕಳುಹಿಸುವ ವೇಗದಲ್ಲಿ ಮನುಷ್ಯನ ಬೆರಳು ಓಡುವುದಿಲ್ಲ ಎಂಬಷ್ಟು ಸುಳಿವು ಸಾಕು. ಈ ಒಂದು ಭಾಗದಲ್ಲಿ ನನ್ನ ಸ್ಕ್ರಿಪ್ಟ್‌ಗಿಂತ ಚೆನ್ನಾಗಿ ನಡೆಯುವುದನ್ನು ನಾನಿನ್ನೂ ನೋಡಿಲ್ಲ.

ಎಲ್ಲ ಯಂತ್ರಗಳೂ ಒಂದೇ ಥರ ಇರಲಿಲ್ಲ. ಹತ್ತು ಹನ್ನೆರಡು ಯಂತ್ರಗಳು ಕೀ ಒತ್ತಿದ ಕ್ಷಣದಲ್ಲೇ ಬಿಟ್ಟ ಸಂಕೇತವನ್ನೂ ಕಳುಹಿಸಿಬಿಡುತ್ತಿದ್ದವು, ಬೆರಳು ಇನ್ನೂ ಕೀಯ ಮೇಲೇ ಇರುವಾಗ. ಅಲ್ಲಿ ಹಿಡಿಯುವ ಆಟ ನಡೆಯುವುದಿಲ್ಲ. ಅದು ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಬರೆದಿಟ್ಟ ತಂತ್ರಾಂಶದ ಒಳಗಿನ ಮಾತು, ನಮ್ಮ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಅವುಗಳಲ್ಲಿ ಕೋಪೈಲಟ್ ಕೀಗೆ ಮೆನು ಕೆಲಸವನ್ನಷ್ಟೇ ಕೊಟ್ಟು, ಕ್ಯಾಪ್ಸ್ ಲಾಕನ್ನು ರಿಜಿಸ್ಟ್ರಿಯಿಂದ ಕಂಟ್ರೋಲ್ ಕೀ ಆಗಿ ಮಾಡಿಕೊಟ್ಟೆ. ಇಬ್ಬರು ಗೊಣಗಿದರು, ಉಳಿದವರು ಕ್ಯಾಪ್ಸ್ ಲಾಕ್ ಹೋದದ್ದನ್ನು ಗಮನಿಸಲೇ ಇಲ್ಲ. ರಿಜಿಸ್ಟ್ರಿಯ ಬದಲಾವಣೆ ಡಾಕ್‌ಗೆ (ಹೊರಗಿನ ಸಾಧನಗಳನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆಗೆ) ಸಿಕ್ಕಿಸಿದ ಹೊರಗಿನ ಕೀಬೋರ್ಡಿಗೂ ತಗಲುತ್ತದೆ ಎಂಬುದು ನೆನಪಿರಲಿ. ಅದಕ್ಕೇ ಅಲ್ಲಿ ಒಂದು ಕೀಗಿಂತ ಹೆಚ್ಚು ಮುಟ್ಟುವುದಿಲ್ಲ.

ಹಣ ಖರ್ಚಾಗಿಲ್ಲ ಎಂದರೆ ಸುಳ್ಳಾಗುತ್ತದೆ, ಖರ್ಚಾದದ್ದು ಹೊತ್ತಿನ ರೂಪದಲ್ಲಿ. ಸ್ಕ್ರಿಪ್ಟನ್ನು ನೇರವಾಗಿ ಓಡುವ ಇಎಕ್ಸ್‌ಇ ಕಡತ ಮಾಡಿದ ಕೂಡಲೇ ವೈರಸ್ ನಿರೋಧಕ ಅದನ್ನು ಹಿಡಿದು ಬಂಧಿಸಿತು. ಕೀಬೋರ್ಡ್ ಮೇಲೆ ಕಣ್ಣಿಡುವ ತಂತ್ರಾಂಶ ಕಂಡರೆ ಭದ್ರತಾ ತಂಡದವರು ಹೆದರುವುದರಲ್ಲಿ ತಪ್ಪಿಲ್ಲ. ಒಂದೊಂದು ಸಾಲನ್ನೂ ಅವರ ಮುಂದೆ ಓದಿ, ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ ಎಂದು ತೋರಿಸಿ, ಸಂಸ್ಥೆಯ ಒಳಗಿನ ಪ್ರಮಾಣಪತ್ರದಿಂದ ಸಹಿ ಹಾಕಿಸಿಕೊಳ್ಳುವ ಹೊತ್ತಿಗೆ ಸ್ಕ್ರಿಪ್ಟ್ ಬರೆಯಲು ಹಿಡಿದದ್ದಕ್ಕಿಂತ ಹೆಚ್ಚು ಸಮಯ ಹೋಯಿತು. ಟಾಸ್ಕ್ ಶೆಡ್ಯೂಲರ್ ಮೂಲಕ ಲಾಗಿನ್ ಆದ ಕೂಡಲೇ, ಹೆಚ್ಚಿನ ಅಧಿಕಾರದೊಂದಿಗೆ ಓಡುವಂತೆ ಮಾಡಿದ್ದೇನೆ. ಇಲ್ಲದಿದ್ದರೆ ಅಡ್ಮಿನ್ ಆಗಿ ತೆರೆದ ಕಿಟಕಿಗಳ ಮುಂದೆ ಸ್ಕ್ರಿಪ್ಟ್ ಕುರುಡಾಗುತ್ತದೆ. ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ಪೂರ್ಣ ಪರದೆಯ ರಿಮೋಟ್ ಡೆಸ್ಕ್‌ಟಾಪ್ ಇನ್ನೊಂದು ಗೋಡೆ, ಅದು ಕೀಗಳನ್ನು ತಾನೇ ಮೊದಲು ಹಿಡಿದುಕೊಳ್ಳುತ್ತದೆ. ಅದನ್ನೂ ದಾಟಿದ್ದೇನೆ, ಹೇಗೆಂದು ನೇರವಾಗಿ ಕೇಳಿದವರಿಗೆ ಮಾತ್ರ ಹೇಳುತ್ತೇನೆ.

ಎಡಗಡೆಯದು ಬೇರೆ ಕಥೆ. ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್‌ಗಳಲ್ಲಿ ದಶಕಗಳ ಕಾಲ ಎಡ ಮೂಲೆಯಲ್ಲಿ ಎಫ್‌ಎನ್ ಇತ್ತು, ಅದರ ಪಕ್ಕ ಕಂಟ್ರೋಲ್. 2024ರ ಮಾದರಿಗಳಿಂದ ಕಂಟ್ರೋಲ್ ಮೂಲೆಗೆ ಬಂದಿದೆ. ಬೇರೆ ಕಂಪನಿಗಳ ಯಂತ್ರಗಳಿಂದ ಬಂದವರು ಹಬ್ಬ ಮಾಡಿದರು, ಹಳಬರು ಸಿಟ್ಟಾದರು. ನಮ್ಮಲ್ಲಿ ಮೊದಲಿನಿಂದ ಓಡುತ್ತಿದ್ದ ಒಂದು ಸಿದ್ಧತಾ ಸ್ಕ್ರಿಪ್ಟ್ ಬಯೋಸ್‌ನಲ್ಲಿ ಈ ಎರಡನ್ನೂ ಅದಲುಬದಲು ಮಾಡುತ್ತಿತ್ತು, ಕಂಟ್ರೋಲ್ ಮೂಲೆಗೆ ಬರಲೆಂದು. ಹೊಸ ಯಂತ್ರಗಳಲ್ಲೂ ಅದು ಓಡಿದ್ದರಿಂದ ಮೂಲೆಯಲ್ಲಿದ್ದ ಕಂಟ್ರೋಲ್ ಒಳಕ್ಕೆ ಹೋಯಿತು! ಈಗ ಸ್ಕ್ರಿಪ್ಟ್ ಮೊದಲು ಮಾದರಿಯ ಹೆಸರನ್ನು ಓದಿ, ಆಮೇಲೆ ನಿರ್ಧರಿಸುತ್ತದೆ. ಎಫ್‌ಎನ್ ಕೀಯನ್ನು ವಿಂಡೋಸ್‌ನಿಂದ ಬದಲಿಸಲು ಹೋಗಬೇಡಿ. ಅದನ್ನು ಒಳಗಿನ ನಿಯಂತ್ರಕವೇ ನೋಡಿಕೊಳ್ಳುತ್ತದೆ, ಸಂಕೇತ ಸಾಮಾನ್ಯವಾಗಿ ವಿಂಡೋಸ್‌ವರೆಗೆ ಬರುವುದಿಲ್ಲ. ಬಯೋಸ್‌ನಲ್ಲೇ ಬದಲಿಸುವುದು ಖಚಿತ ದಾರಿ. ನಾನು ಕಂಡುಕೊಂಡದ್ದೆಲ್ಲ ಇಷ್ಟೇ: ಎಫ್‌ಎನ್ ತಕರಾರನ್ನು ಬಯೋಸ್‌ನಲ್ಲಿ, ಒಂಟಿ ಕೀಯ ತಕರಾರನ್ನು ರಿಜಿಸ್ಟ್ರಿಯಲ್ಲಿ, ಗುಂಪಿನ ಕೀಯ ತಕರಾರನ್ನು ಸ್ಕ್ರಿಪ್ಟ್‌ನಲ್ಲಿ ಬಗೆಹರಿಸಬೇಕು. ನನಗಿಂತ ಮೊದಲು ಪ್ರಯತ್ನಿಸಿದವರು ಮೂರನ್ನೂ ಒಂದೇ ಉಪಕರಣದಿಂದ ಮಾಡಲು ಹೋಗಿದ್ದರು.

ಈ ನಡುವೆ ಒಂದಿಷ್ಟು ಅಡ್ಡದಾರಿಗಳನ್ನೂ ಹಿಡಿದೆ. ಕೀಗಳ ಮೇಲಿನ ಟೊಪ್ಪಿಗಳನ್ನೇ ಕಿತ್ತು ಬದಲಿಸಿ ನೋಡಿದೆ. ಕೆಳಗಿನ ಕತ್ತರಿಯಾಕಾರದ ಕೊಂಡಿ ಎಷ್ಟು ತೆಳುವೆಂದರೆ ಎರಡನೇ ಟೊಪ್ಪಿಗೇ ಮುರಿಯಿತು. ಆ ಮಾದರಿಯಲ್ಲಿ ಕೀಬೋರ್ಡ್ ಮೇಲ್ಕವಚದ ಜೊತೆಗೇ ಬರುತ್ತದೆ. ಬದಲಿಸಿದ ಖರ್ಚು ಲ್ಯಾಪ್‌ಟಾಪ್ ಬೆಲೆಯ ಹತ್ತರಲ್ಲೊಂದು ಪಾಲಿನ ಹತ್ತಿರ ಹೋಯಿತು. ಒಂದು ಕೊಂಡಿಗೆ ಎರಡು ಹೊರಗಿನ ಕೀಬೋರ್ಡುಗಳ ಹಣ! ಅಂಟಿಸುವ ಚೀಟಿಗಳು ಕೆಲವೇ ವಾರಗಳಲ್ಲಿ ಅಂಚು ಬಿಟ್ಟವು. ಈಗ ಏನೂ ಅಂಟಿಸುವುದಿಲ್ಲ, ಕೀಯ ಮೇಲಿನ ಚಿತ್ರವನ್ನು ಯಾರೂ ನೋಡುವುದೂ ಇಲ್ಲ. ನನ್ನ ಸ್ವಂತ ಯಂತ್ರದಲ್ಲಿ ಲಿನಕ್ಸ್ ಇದೆ. ಅಲ್ಲಿ ಕೀಡಿ ಎಂಬ ಪುಟ್ಟ ಸೇವೆಯಲ್ಲಿ ಒಂದೇ ಸಾಲು ಬರೆದು ಮುಗಿಸಿದೆ. ವಿಂಡೋಸ್‌ನಲ್ಲಿ ನಲವತ್ತು ಸಾಲು ಬರೆದವನಿಗೆ ಅದು ಸ್ವಲ್ಪ ಅವಮಾನವೇ.

ಇನ್ನೊಂದು ಕಿರಿಕಿರಿ ಪವರ್ ಗುಂಡಿಯದು. ಕೆಲವು ಮಾದರಿಗಳಲ್ಲಿ ಅದನ್ನು ಡಿಲೀಟ್ ಪಕ್ಕಕ್ಕೆ ತಂದಿದ್ದಾರೆ. ಒತ್ತಿದರೆ ಏನೂ ಆಗದಂತೆ ಪವರ್ ಸೆಟ್ಟಿಂಗ್‌ನಲ್ಲಿ ಬದಲಿಸಿ ಎಲ್ಲ ಯಂತ್ರಗಳಿಗೂ ತಳ್ಳಿದೆ. ಒತ್ತಿ ಹಿಡಿದರೆ ಆರುವುದು ಹಾಗೆಯೇ ಇದೆ. ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದರೆ ಇಡೀ ಹಾಳೆಯೇ ಸರಿಯುತ್ತದೆ ಎಂದು ಕರೆ ಬಂದರೆ ಸ್ಕ್ರೋಲ್ ಲಾಕ್ ಆಗಿದೆ ಎಂದರ್ಥ. ಡಾಕ್‌ನ ಕೀಬೋರ್ಡ್‌ನಲ್ಲಿ ಒತ್ತಿ ಬಂದಿರುತ್ತಾರೆ, ಲ್ಯಾಪ್‌ಟಾಪ್‌ನಲ್ಲಿ ಆ ಕೀಯೇ ಇರುವುದಿಲ್ಲ. ಪರದೆಯ ಮೇಲಿನ ಕೀಬೋರ್ಡ್ ತೆರೆದು ಬಿಡಿಸಿಕೊಡಿ. ಥಿಂಕ್‌ಪ್ಯಾಡ್ ಆದರೆ ಎಫ್‌ಎನ್ ಮತ್ತು ಕೆ ಒತ್ತಿದರೆ ಸಾಕು.

ಬಗೆಹರಿಯದೆ ಉಳಿದಿರುವುದು ಲಾಗಿನ್ ಪರದೆ ಮತ್ತು ಅಡ್ಮಿನ್ ಅನುಮತಿ ಕೇಳುವ ಮಬ್ಬು ಪರದೆ. ಅಲ್ಲಿ ಸ್ಕ್ರಿಪ್ಟ್ ಓಡುವುದಿಲ್ಲ, ಕೋಪೈಲಟ್ ಕೀ ತನ್ನ ಹಳೆಯ ವೇಷದಲ್ಲೇ ಇರುತ್ತದೆ. ಪಾಸ್‌ವರ್ಡ್ ಬರೆಯಲು ಬಲ ಕಂಟ್ರೋಲ್ ಬೇಕಾಗದ್ದರಿಂದ ಇದುವರೆಗೆ ಯಾರೂ ದೂರಿಲ್ಲ. ಮುಂದಿನ ಖರೀದಿಯ ಪಟ್ಟಿಯಲ್ಲಿ ಕೀಬೋರ್ಡಿನ ಕೊನೆಯ ಸಾಲಿನ ಚಿತ್ರವನ್ನೂ, ಕೋಪೈಲಟ್ ಕೀ ಹಿಡಿದಷ್ಟು ಹೊತ್ತು ಹಿಡಿದಂತೆಯೇ ಇರುತ್ತದೆಯೇ ಎಂಬ ಪ್ರಶ್ನೆಯನ್ನೂ ಸೇರಿಸಿದ್ದೇನೆ. ಮಾರಾಟಗಾರರಲ್ಲಿ ಒಬ್ಬರು ಮಾದರಿ ಯಂತ್ರವನ್ನೇ ಕಳುಹಿಸಿದ್ದಾರೆ, ಇನ್ನೊಬ್ಬರು ಪ್ರಶ್ನೆ ಅರ್ಥವಾಗಲಿಲ್ಲ ಎಂದು ಮರಳಿ ಬರೆದಿದ್ದಾರೆ.