ಭಟ್ಟಿ ಮುಂದಿನ ಅಂಗಿ: ಬೆವರಿಗೆ ದಾರಿ ಬಿಟ್ಟು ಹೊಲಿಯುವುದು

ಬೆಳಗಾವಿಯವರಿಗೆ ಫೌಂಡ್ರಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಉದ್ಯಮಬಾಗ, ಮಚ್ಛೆ ಕಡೆ ಹೋದರೆ ಎರಕದ ಕೆಲಸ ಗೊತ್ತಿರುವವರು ಓಣಿ ಓಣಿಗೂ ಸಿಗುತ್ತಾರೆ. ನಮ್ಮದು ಖಾಸಬಾಗ. ಅಪ್ಪ ಪವರ್‌ಲೂಮ್ ಮೇಲೆ ಸೀರೆ ನೇಯುತ್ತಿದ್ದರು, ನಾನು ಹೊಲಿಗೆ ಹಿಡಿದೆ. ಮೊದಲು ಶಾಲೆ ಯೂನಿಫಾರ್ಮ್, ಆಮೇಲೆ ಕಾರ್ಖಾನೆ ಡ್ರೆಸ್. ಈಗ ನನ್ನ ಮಷಿನ್ ಮೇಲೆ ಜಾಸ್ತಿ ಓಡುವುದು ಶಾಖ ತಡೆಯುವ ಬಟ್ಟೆ. ಭಟ್ಟಿ ಮುಂದೆ ನಿಲ್ಲುವವರಿಗೆ, ಬಾಯ್ಲರ್ ನೋಡಿಕೊಳ್ಳುವವರಿಗೆ, ಸಕ್ಕರೆ ಕಾರ್ಖಾನೆಗಳ ಎಥೆನಾಲ್ ಘಟಕದವರಿಗೆ ಹೊಲಿದು ಕೊಡುತ್ತೇನೆ.

ಅಳತೆಗೆ ಬಂದವರೆಲ್ಲ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಅಕ್ಕಾರ, ಬೆಂಕಿಯಿಂದ ಉಳಸ್ತದ ಖರೆ, ಆದ್ರ ಒಳಗ ಕುದಿಸಿ ಇಡ್ತದ ನೋಡ್ರಿ."

ಈ ಮಾತನ್ನು ನಾನು ಸುಮ್ನೆ ಗೊಣಗಾಟ ಅಂತ ತೆಗೆದುಕೊಳ್ಳುವುದಿಲ್ಲ. ಮೈ ಕುದಿಯಲು ಶುರುವಾದರೆ ಮನುಷ್ಯ ಮೊದಲು ಮೇಲಿನ ಗುಂಡಿ ಬಿಚ್ಚುತ್ತಾನೆ. ಆಮೇಲೆ ತೋಳು ಮಡಚುತ್ತಾನೆ. ಸ್ವಲ್ಪ ಹೊತ್ತಿಗೆ ಕೋಟು ಗೂಟಕ್ಕೆ ಹೋಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಬಟ್ಟೆ ಗೋಡೆಗೆ ನೇತಾಡುತ್ತಿದ್ದರೆ ಅದು ಯಾರನ್ನು ಕಾಯಬೇಕು? ಸೂಪರ್‌ವೈಸರ್‌ಗಳು ಹುಡುಗರನ್ನು ಬೈಯುತ್ತಾರೆ. ನನ್ನ ಪ್ರಕಾರ ಬೈಗುಳ ತಿನ್ನಬೇಕಾದದ್ದು ಆ ಅಂಗಿ. ಇಡೀ ಪಾಳಿ ಮೈಮೇಲೆ ಇರುವ ಹಾಗೆ ಹೊಲಿದರೆ ಮಾತ್ರ ಅದು ರಕ್ಷಣೆಯ ಬಟ್ಟೆ.

ಬಟ್ಟೆಯ ಬಗ್ಗೆ ಒಂದಿಷ್ಟು ಹೇಳಿಬಿಡುತ್ತೇನೆ. ಇವುಗಳಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಅರಾಮಿಡ್ ಎಂಬ ಕೃತಕ ನೂಲು. ಅಮೆರಿಕದ ಡ್ಯುಪಾಂಟ್ ಕಂಪನಿ 1960ರ ದಶಕದಲ್ಲಿ ನೋಮೆಕ್ಸ್ ಅಂತ ತಂದಿತು. ಅದು ಮೆಟಾ ಅರಾಮಿಡ್, ಅಂದರೆ ಶಾಖ ತಾಳುವ ಬಗೆ. ಅದೇ ಕಂಪನಿಯಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ರಸಾಯನ ವಿಜ್ಞಾನಿ 1965ರಲ್ಲಿ ಮಾಡಿದ ಶೋಧದಿಂದ ಕೆವ್ಲಾರ್ ಬಂತು. ಅದು ಪ್ಯಾರಾ ಅರಾಮಿಡ್, ಅಂದರೆ ಎಳೆದರೂ ಹರಿಯದ ಗಟ್ಟಿ ಬಗೆ. ಉಡುಪಿಗೆ ಬರುವ ಒಂದು ಹೆಸರಾದ ಬಟ್ಟೆಯಲ್ಲಿ ನೂರಕ್ಕೆ 93 ಪಾಲು ಮೆಟಾ, 5 ಪಾಲು ಪ್ಯಾರಾ, ಉಳಿದ 2 ಪಾಲು ಸ್ಟ್ಯಾಟಿಕ್ ವಿದ್ಯುತ್ ತಡೆಯುವ ಎಳೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅರಾಮಿಡ್ ಕರಗುವುದಿಲ್ಲ, ತೊಟ್ಟಿಕ್ಕುವುದಿಲ್ಲ. ಶಾಖ ವಿಪರೀತವಾದರೆ ಕರಕಲಾಗಿ ದಪ್ಪಗಾಗುತ್ತದೆ, ಉರಿ ತೆಗೆದರೆ ಆರಿಹೋಗುತ್ತದೆ. ಇದು ಯಾವುದೋ ರಾಸಾಯನಿಕ ಹಚ್ಚಿದ್ದರಿಂದ ಬಂದದ್ದಲ್ಲ, ನೂಲಿನದೇ ಗುಣ. ತೊಳೆದರೆ ಹೋಗುವುದಿಲ್ಲ.

ತೊಂದರೆ ಇರುವುದು ಬೆವರಿನಲ್ಲಿ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ನೂರಕ್ಕೆ ಸುಮಾರು 8 ಪಾಲು ತೇವ ಹಿಡಿದಿಟ್ಟುಕೊಳ್ಳುತ್ತದೆ. ಮೆಟಾ ಅರಾಮಿಡ್ ಹಿಡಿಯುವುದು 4-5 ಪಾಲು. ಪಾಲಿಯೆಸ್ಟರ್ ಅಂತೂ ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆ. ಇನ್ನೊಂದು ಲೆಕ್ಕ ಇದೆ. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖ ಕಳೆಯುತ್ತದೆ. ಅದೇ ಬೆವರು ಬೆನ್ನಿನ ಮೇಲಿಂದ ಇಳಿದು ಬೂಟಿನೊಳಗೆ ಸೇರಿದರೆ ಮೈ ತಂಪಾಗುವುದೇ ಇಲ್ಲ, ಸುಸ್ತು ಮಾತ್ರ ಉಳಿಯುತ್ತದೆ. ಹಾಗಾಗಿ ನಾನು ಯಾವ ಬಟ್ಟೆ ಕೈಗೆತ್ತಿಕೊಂಡರೂ ಮೊದಲು ನೋಡುವುದು ಇದನ್ನೇ: ಬೆವರಿನ ಆವಿ ಇದರಿಂದ ಹೊರಗೆ ಹೋಗುತ್ತದಾ?

ಅದನ್ನು ನೋಡಲು ಲ್ಯಾಬೇ ಬೇಕು ಅಂತಿಲ್ಲ. ಸ್ಟೀಲ್ ಲೋಟದಲ್ಲಿ ಕುದಿಯುವ ಚಹಾ ಹಾಕಿ, ಬಾಯಿಗೆ ಬಟ್ಟೆಯ ತುಂಡು ಬಿಗಿಯಾಗಿ ಕಟ್ಟುತ್ತೇನೆ. ಮೇಲೆ ಎರಡು ಬೆರಳು ಎತ್ತರದಲ್ಲಿ ತಣ್ಣನೆಯ ತಾಟು ಹಿಡಿಯುತ್ತೇನೆ. ತೆಳು ನೇಯ್ಗೆಯ ಅರಾಮಿಡ್ ಆದರೆ ತಾಟು ಬೇಗ ಮಂಜು ಮಂಜಾಗುತ್ತದೆ. ದಪ್ಪ ಬಟ್ಟೆ ಸ್ವಲ್ಪ ಹೊತ್ತು ತಗೊಳ್ಳುತ್ತದೆ. ಅಲ್ಯುಮಿನಿಯಂ ಲೇಪದ ಬಟ್ಟೆ ಕಟ್ಟಿದರೆ ತಾಟು ಒಣಗಿಯೇ ಇರುತ್ತದೆ, ಬಟ್ಟೆಯ ಒಳಮೈ ಮಾತ್ರ ತೊಪ್ಪೆಯಾಗಿರುತ್ತದೆ. ಬಟ್ಟೆ ಖರೀದಿಗೆ ಬರುವ ಮ್ಯಾನೇಜರ್‌ಗಳಿಗೂ ಇದನ್ನು ಮಾಡಿ ತೋರಿಸುತ್ತೇನೆ. ಕಣ್ಣಿಗೆ ಕಂಡ ಮೇಲೆ ಮಾತು ಬೇಗ ಮುಗಿಯುತ್ತದೆ.

ಆಯ್ಕೆ ಕೊಟ್ಟರೆ ನಾನು ಕೇಳುವುದು ಮಿಶ್ರ ನೂಲು. ಅರ್ಧ ಮೆಟಾ ಅರಾಮಿಡ್, ಅರ್ಧ ಬೆಂಕಿ ತಡೆಯುವ ವಿಸ್ಕೋಸ್ ಇರುವ ಬಟ್ಟೆ ಸಿಗುತ್ತದೆ. ವಿಸ್ಕೋಸ್ ಮರದ ತಿರುಳಿನಿಂದ ಮಾಡಿದ್ದು, ಹತ್ತಿಗಿಂತಲೂ ಜಾಸ್ತಿ ತೇವ ಹೀರುತ್ತದೆ. ಮುಟ್ಟಿದರೆ ಮೆತ್ತಗೆ, ಮೈಗೆ ಚುಚ್ಚುವುದಿಲ್ಲ. ಪೂರ್ತಿ ಅರಾಮಿಡ್‌ನಷ್ಟು ಗಟ್ಟಿ ಅಲ್ಲ, ಬೇಗ ಸವೆಯುತ್ತದೆ, ಅದು ನಿಜ. ಆದರೂ ದಿನವಿಡೀ ತೊಡುವ ಅಂಗಿಗೆ ನನ್ನ ಮತ ಇದಕ್ಕೇ. ಗಟ್ಟಿತನ ಬೇಕಾದ ಮೊಣಕಾಲು, ಮೊಣಕೈಗೆ ಅರಾಮಿಡ್ ತುಂಡನ್ನೇ ಇನ್ನೊಂದು ಪದರ ಹಾಕಿದರೆ ಆಯಿತು.

ಇನ್ನು ತೊಳೆಯುವುದು. ಹೊಸ ಅರಾಮಿಡ್ ಬಟ್ಟೆ ತಗಡಿನ ಹಾಗೆ ಸೆಟೆದಿರುತ್ತದೆ. ಅದರ ಮೇಲೆ ನೀರಿನ ಒಂದು ಹನಿ ಹಾಕಿ ನೋಡಿ. ಮುತ್ತಿನಂತೆ ಕೂತೇ ಇದ್ದರೆ ಗಿರಣಿಯ ಲೇಪ ಇನ್ನೂ ಹೋಗಿಲ್ಲ ಅಂತ ತಿಳಿಯಿರಿ. ಹೊಲಿಯುವ ಮೊದಲೇ ಥಾನನ್ನು ಬೆಚ್ಚಗಿನ ನೀರಲ್ಲಿ ಮೆದು ಲಿಕ್ವಿಡ್ ಡಿಟರ್ಜೆಂಟ್ ಹಾಕಿ ಎರಡು ಮೂರು ಸಲ ತೊಳೆಸುತ್ತೇನೆ. ಹನಿ ಹರಡಿಕೊಂಡು ಒಳಗೆ ಇಳಿಯತೊಡಗುತ್ತದೆ, ಬಟ್ಟೆಯೂ ಬಳುಕುತ್ತದೆ. ಆದರೆ ದ್ರವ ನಿಲ್ಲಲಿ ಅಂತಲೇ ಬೇಕೆಂದು ಲೇಪ ಕೊಟ್ಟ ಬಟ್ಟೆಗಳೂ ಇವೆ. ಕೆಮಿಕಲ್ ಸಿಡಿಯುವ ಜಾಗಕ್ಕೆ ಅವು ಬೇಕು. ಅವುಗಳಿಗೆ ಈ ಉಪಾಯ ಮಾಡಬಾರದು. ಖರೀದಿಸುವಾಗಲೇ ಕೇಳಿ ತಿಳಿದುಕೊಳ್ಳಬೇಕು.

ಮೆತ್ತಗಾಗಲಿ ಅಂತ ಮನೆಯಲ್ಲಿ ಹೆಣ್ಣುಮಕ್ಕಳು ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿಬಿಡುತ್ತಾರೆ. ದಯವಿಟ್ಟು ಬೇಡ. ಅದು ನೂಲಿನ ಮೇಲೆ ಜಿಡ್ಡಿನ ಪದರ ಬಿಡುತ್ತದೆ. ಆ ಪದರಕ್ಕೆ ಬೆಂಕಿ ಹತ್ತುತ್ತದೆ, ಬೆವರು ಹೀರುವುದೂ ಕಡಿಮೆಯಾಗುತ್ತದೆ. ಗಂಜಿಯೂ ಬೇಡ, ಅದೂ ಉರಿಯುವ ವಸ್ತುವೇ. ಕ್ಲೋರಿನ್ ಬ್ಲೀಚ್ ನೂಲನ್ನೇ ತಿನ್ನುತ್ತದೆ. ಇನ್ನು ನಮ್ಮ ಕಡೆ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಗಡಸು ನೀರಲ್ಲಿ ಬಾರ್ ಸಾಬೂನು ಹಚ್ಚಿ ತಿಕ್ಕಿದರೆ ಬಿಳಿ ಜಿಡ್ಡು ಬಟ್ಟೆಯಲ್ಲೇ ಕೂತುಬಿಡುತ್ತದೆ. ಅದೂ ಬೆಂಕಿಗೆ ಆಹಾರ. ಲಿಕ್ವಿಡ್ ಹಾಕಿ, ಚೆನ್ನಾಗಿ ಜಾಲಿಸಿ, ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಹಾಕಿ. ಬಿಸಿಲಿಗೆ ಅರಾಮಿಡ್ ಬಣ್ಣಗೆಡುತ್ತದೆ, ಬಲವೂ ಕುಂದುತ್ತದೆ. ಬೆಂಕಿಗೆ ಅಂಜದ ನೂಲಿಗೆ ಬಿಸಿಲು ಆಗುವುದಿಲ್ಲ ಅಂದರೆ ಜನ ನಂಬುವುದಿಲ್ಲ, ಆದರೆ ಇರುವುದು ಹಾಗೇ.

ಈಗ ಹೊಲಿಗೆ. ನನ್ನ ಕೆಲಸದ ಜೀವ ಇರುವುದು ಇಲ್ಲೇ.

ಮೊದಲನೆಯದು ಸಡಿಲು. ಚೆಂದ ಕಾಣಲಿ ಅಂತ ಹುಡುಗರು ಫಿಟ್ಟಿಂಗ್ ಕೇಳುತ್ತಾರೆ. ನಾನು ಕೊಡುವುದಿಲ್ಲ. ಬಟ್ಟೆಗೂ ಮೈಗೂ ನಡುವೆ ನಿಂತ ಗಾಳಿಯ ತೆಳು ಪದರ ಇದೆಯಲ್ಲ, ಅದು ಹೊರಗಿನ ಶಾಖ ತಡೆಯುತ್ತದೆ. ನಡೆದಾಡುವಾಗ ಅದೇ ಗಾಳಿ ಅಲ್ಲಾಡಿ ಬೆವರಿನ ಹಬೆಯನ್ನು ಕತ್ತಿನ ಕಡೆಯಿಂದ ಹೊರಗೆ ದಬ್ಬುತ್ತದೆ. ಬಿಗಿಯಾದರೆ ಎರಡೂ ಹೋಯಿತು. ಎದೆಯ ಸುತ್ತ ಆರು ಇಂಚು ಸಡಿಲು ಬಿಡುತ್ತೇನೆ, ಬೆನ್ನಿನ ಎರಡೂ ಬದಿಗೆ ಒಂದೊಂದು ನೆರಿಗೆ ಕೊಡುತ್ತೇನೆ. ಆದರೆ ಮಷಿನ್‌ಗೆ ಸಿಕ್ಕುವಷ್ಟು ದೊಗಲೆ ಇರಬಾರದು. ಮಣಿಕಟ್ಟಿಗೆ, ಪಾದಕ್ಕೆ ಬಿಗಿ ಪಟ್ಟಿ ಬೇಕೇ ಬೇಕು. ಪ್ಯಾಂಟಿನ ಕಾಲಿಗೆ ಹೊರಮಡಿಕೆ ಇಡುವುದಿಲ್ಲ, ಕಿಡಿ ಅದರೊಳಗೆ ಕೂರುತ್ತದೆ. ಹೊರಗಿನ ಕಿಸೆಗೆಲ್ಲ ಮುಚ್ಚಳ ಇರಲೇಬೇಕು.

ಎರಡನೆಯದು ಕಂಕುಳು. ಲ್ಯಾಡಲ್, ಅಂದರೆ ಕರಗಿದ ಲೋಹ ಹೊಯ್ಯುವ ಪಾತ್ರೆ, ಎತ್ತುವವನ ಕೈ ನೋಡಿ, ಭುಜದ ಮಟ್ಟಕ್ಕೆ ಹೋಗಿ ಬರುತ್ತಲೇ ಇರುತ್ತದೆ. ಮಾಮೂಲಿ ತೋಳಿನ ಅಂಗಿ ಆದರೆ ಕೈ ಎತ್ತಿದಾಗೆಲ್ಲ ಇಡೀ ಅಂಗಿ ಮೇಲೆ ಬರುತ್ತದೆ, ಸೊಂಟ ಬಯಲಾಗುತ್ತದೆ, ಕಂಕುಳಲ್ಲಿ ಸೆಟೆದ ಬಟ್ಟೆ ಕೊಯ್ಯುತ್ತದೆ. ನಮ್ಮ ಕಡೆ ಹಿರಿಯರು ತೊಡುವ ಹಳೇ ಹೊಲಿಗೆಯ ನೆಹರೂ ಅಂಗಿ ನೋಡಿದ್ದೀರಲ್ಲ? ಕಂಕುಳಿಗೆ ಒಂದು ಚೌಕ ತುಂಡು ಇರುತ್ತದೆ. ಹೊಲದಲ್ಲಿ ದುಡಿಯುವ ಮೈಗೆ ಹೊಂದುವ ಹೊಲಿಗೆ ಅದು. ನಾನು ಅದನ್ನೇ ಇಲ್ಲಿ ತಂದೆ. ಅದೇ ಬಟ್ಟೆಯಲ್ಲಿ ನಾಲ್ಕು ಇಂಚಿನ ಚೌಕ ಕತ್ತರಿಸಿ, ಮೂಲೆ ಮೇಲೆ ಕೆಳಗೆ ಬರುವ ಹಾಗೆ ಓರೆಯಾಗಿ ತಿರುಗಿಸಿ ಕೂರಿಸುತ್ತೇನೆ. ಒಂದು ಮೂಲೆ ತೋಳಿಗೆ, ಇನ್ನೊಂದು ಪಕ್ಕೆಗೆ ಇಳಿಯುತ್ತದೆ. ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಕೂಡಿದರೆ ಅಲ್ಲೊಂದು ಗಂಟು ಆಗಿ ಚುಚ್ಚುತ್ತದೆ. ಅದಕ್ಕೆ ಚೌಕದ ಕೂಡುಜಾಗವನ್ನು ತೋಳಿನ ಹೊಲಿಗೆಗಿಂತ ಅರ್ಧ ಇಂಚು ಸರಿಸುತ್ತೇನೆ. ಅಂಗಿ ತೊಡಿಸಿ, "ಎರಡೂ ಕೈ ಮ್ಯಾಲ ಎತ್ರಿ, ಈಗ ಕುಕ್ಕರಗಾಲಲ್ಲಿ ಕೂಡ್ರಿ" ಅನ್ನುತ್ತೇನೆ. ಸೊಂಟದ ಪಟ್ಟಿ ಜಾಗ ಬಿಡದಿದ್ದರೆ ಹೊಲಿಗೆ ಸರಿ.

ಒಳಹೊಲಿಗೆ ಮೂರನೆಯದು. ಅರಾಮಿಡ್‌ನ ಕತ್ತರಿಸಿದ ಅಂಚು ಗಡಸು. ಅದು ಬೆವರಿದ ಚರ್ಮಕ್ಕೆ ತಾಗಿದರೆ ಸಂಜೆಗೆ ಕೆಂಪು ಗೆರೆ ಏಳುತ್ತದೆ. ಜೀನ್ಸ್ ಪ್ಯಾಂಟಿನಲ್ಲಿ ಮಾಡುವ ಹಾಗೆ ಅಂಚನ್ನು ಒಳಗೆ ಮಡಚಿ ಎರಡು ಸಾಲು ಓಡಿಸುತ್ತೇನೆ. ದಾರವೂ ಅರಾಮಿಡ್‌ದೇ ಇರಬೇಕು, ಪಾಲಿಯೆಸ್ಟರ್ ದಾರ ಕರಗಿದರೆ ಅಂಗಿ ಬಿಚ್ಚಿಕೊಳ್ಳುತ್ತದೆ. ಭುಜದ ಹೊಲಿಗೆಯನ್ನು ಒಂದು ಇಂಚು ಮುಂದಕ್ಕೆ ತರುತ್ತೇನೆ. ಏಪ್ರನ್‌ನ ಭಾರದ ಪಟ್ಟಿ ಸರಿಯಾಗಿ ಭುಜದ ಮೇಲೆ ಕೂರುತ್ತದಲ್ಲ, ಕೆಳಗೆ ಹೊಲಿಗೆ ಇದ್ದರೆ ಅದು ಒತ್ತುತ್ತದೆ. ಕಾಲರ್ ಒಳಮೈಗೆ ಬೆಂಕಿ ತಡೆಯುವ ಸಂಸ್ಕಾರ ಕೊಟ್ಟ ಮೆತ್ತನೆ ಹತ್ತಿ ಬಟ್ಟೆ. ಕುತ್ತಿಗೆ ಹತ್ತಿರ ಚುಚ್ಚುವ ಲೇಬಲ್ ತೆಗೆದು ಬಿಸಾಡಬೇಡಿ, ಬಟ್ಟೆಯ ಮಾಹಿತಿ ಅದರಲ್ಲೇ ಇರುತ್ತದೆ. ನಾನು ಹೊಲಿಯುವಾಗಲೇ ಪಕ್ಕೆಯ ಕೆಳಗೆ ಹಾಕುತ್ತೇನೆ. ಜಿಪ್, ಲೋಹದ ಗುಂಡಿಯ ಹಿಂದೆ ಬಟ್ಟೆಯ ಪಟ್ಟಿ ಇರಲೇಬೇಕು. ಕಾದ ಲೋಹ ಎದೆಗೆ ತಾಗಬಾರದು.

ಎರಕ ಹೊಯ್ಯುವವರದು ಬೇರೆಯೇ ಕಥೆ. ಕಬ್ಬಿಣ ಹೊಯ್ಯುವಾಗ ಅದರ ಬಿಸಿ 1,300 ಡಿಗ್ರಿ ದಾಟಿರುತ್ತದೆ. ಅಲ್ಲಿ ಅರಾಮಿಡ್ ಅಂಗಿಯೊಂದೇ ಸಾಲದು, ಮೇಲೆ ಅಲ್ಯುಮಿನಿಯಂ ಲೇಪದ ಕೋಟು, ಕಾಲಿಗೆ ತೊಗಲಿನ ಗಾರ್ಡ್ ಬೇಕು. ಆ ಕೋಟು ಎದುರಿನ ಝಳವನ್ನು ಕನ್ನಡಿಯ ಹಾಗೆ ವಾಪಸ್ ಕಳಿಸುತ್ತದೆ, ಆದರೆ ಬೆವರಿಗೆ ಒಂದು ಕಿಂಡಿಯೂ ಇಲ್ಲ. ಇದಕ್ಕೆ ಒಳ್ಳೆಯ ದಾರಿ ಎಂದರೆ ಬೆನ್ನು ತೆರೆದ ಕೋಟು. ಮುಂದೆ, ಪಕ್ಕೆಗೆ, ತೋಳಿಗೆ ಲೇಪದ ಬಟ್ಟೆ. ಬೆನ್ನಿಗೆ ಅಡ್ಡ ಪಟ್ಟಿ ಮಾತ್ರ, ಒಳಗಿನ ಅರಾಮಿಡ್ ಅಂಗಿ ಗಾಳಿಗೆ ತೆರೆದಿರುತ್ತದೆ. ಶಾಖ ಒಂದೇ ಕಡೆಯಿಂದ ಬರುವ ಜಾಗಕ್ಕೆ ಮಾತ್ರ ಇದು ಸರಿ. ಹಿಂದೆ ಇನ್ನೊಂದು ಲ್ಯಾಡಲ್ ಓಡಾಡುವ ಶೆಡ್‌ಗೆ ಕೇಳಿದರೆ ನಾನು ಹೊಲಿದು ಕೊಡುವುದಿಲ್ಲ. ಎಥೆನಾಲ್ ಘಟಕಕ್ಕಂತೂ ಬೇಡವೇ ಬೇಡ. ಅಲ್ಲಿ ಆವಿಗೆ ಬೆಂಕಿ ಹತ್ತಿದರೆ ಸುತ್ತಲಿಂದ ಬರುತ್ತದೆ.

ಇದನ್ನೂ ಹೇಳಲೇಬೇಕು. ಶಾಖ ತಡೆಯುವ ಉಡುಪಿನ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 11612 ಅಥವಾ ನಮ್ಮ ದೇಶದ ಮಾನದಂಡ ಐಎಸ್ 15748ರ ಗುರುತಿನೊಂದಿಗೆ ಬಂದ ಸಿದ್ಧ ಉಡುಪನ್ನು ಕತ್ತರಿಸಿ ಕಿಂಡಿ ಮಾಡುವುದು, ಅಸ್ತರ ಬದಲಿಸುವುದು ಮಾಡಬಾರದು. ಪರೀಕ್ಷೆಯಾದದ್ದು ಆ ರೂಪದ ಉಡುಪು. ಬದಲಿಸಿದರೆ ಆ ಗುರುತಿಗೆ ಅರ್ಥ ಇರುವುದಿಲ್ಲ. ನಾನು ಬದಲಾವಣೆ ಮಾಡುವುದು ನಮೂನೆ ಹಾಕುವ ಹಂತದಲ್ಲಿ, ಪರೀಕ್ಷೆಗೆ ಹೋಗುವ ಮೊದಲು.

ಸಿದ್ಧ ಉಡುಪು ತೊಡುವವರ ಕೈಯಲ್ಲೂ ಒಂದು ದೊಡ್ಡ ವಿಷಯ ಇದೆ, ಬನಿಯನ್. ಹುಡುಗರು ಒಳಗೆ ಪಾಲಿಯೆಸ್ಟರ್ ಟೀ ಶರ್ಟ್ ಹಾಕುತ್ತಾರೆ, ಬೆವರು ಬೇಗ ಒಣಗುತ್ತದೆ ಅಂತ. ಮೇಲಿನ ಅರಾಮಿಡ್ ಗಟ್ಟಿಯಾಗಿ ನಿಂತರೂ ಅದನ್ನು ದಾಟಿದ ಶಾಖಕ್ಕೆ ಒಳಗಿನದು ಕರಗಬಹುದು. ತೋಳಿರುವ, ತೆಳುವಾದ ಶುದ್ಧ ಹತ್ತಿ ಬನಿಯನ್ ಹಾಕಿ. ಅರಾಮಿಡ್ ಹೀರದ ಬೆವರನ್ನು ಅದು ಹೀರುತ್ತದೆ, ಚುಚ್ಚುವುದೂ ನಿಲ್ಲುತ್ತದೆ. ಊಟದ ಬಿಡುವಿನಲ್ಲಿ ಒಣ ಬನಿಯನ್‌ಗೆ ಬದಲಿಸಿ. ಇದು ಆರಾಮಕ್ಕೆ ಮಾತ್ರ ಅಲ್ಲ. ತೊಪ್ಪೆಯಾದ ಬಟ್ಟೆಗೆ ಒಮ್ಮೆಲೇ ಝಳ ಬಡಿದರೆ ಆ ನೀರೇ ಹಬೆಯಾಗಿ ಚರ್ಮ ಸುಡುತ್ತದೆ.

ಎಲ್ಲರೂ ಏಪ್ರಿಲ್ ಬಿಸಿಲಿಗೆ ಹೆದರುತ್ತಾರೆ. ನನ್ನ ಬಳಿ ದೂರು ಜಾಸ್ತಿ ಬರುವುದು ಜುಲೈನಲ್ಲಿ. ಬೆಳಗಾವಿ ಮಳೆಯಲ್ಲಿ ಗಾಳಿಯೇ ತೇವವಾಗಿರುತ್ತದೆ, ಬೆವರು ಆರುವುದೇ ಇಲ್ಲ. ಆಗ ಎರಡು ಜೊತೆ ಬಟ್ಟೆ ಇಟ್ಟುಕೊಳ್ಳಿ ಅನ್ನುತ್ತೇನೆ, ನೆನ್ನೆಯದು ಪೂರ್ತಿ ಒಣಗಿರುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆ ಬಿಸಿಲು ಜೋರಾದರೂ ಹವೆ ಒಣ, ಬೆವರು ಹಾರಿಹೋಗುತ್ತದೆ. ಅಲ್ಲಿಯವರ ತಕರಾರು ಬಟ್ಟೆ ಮೈಗೆ ಅಂಟಿ ಚಟಪಟ ಅನ್ನುವುದು. ಸ್ಟ್ಯಾಟಿಕ್ ತಡೆಯುವ ಎಳೆ ಇರುವ ಬಟ್ಟೆ ಅವರಿಗೆ ಒಳ್ಳೆಯದು.

ಎಲ್ಲಕ್ಕಿಂತ ಮೆತ್ತಗಿರುವುದು ವರ್ಷಗಟ್ಟಲೆ ತೊಳೆದ ಹಳೇ ಅಂಗಿ. ಅದನ್ನು ಬಿಟ್ಟುಕೊಡಲು ಯಾರೂ ಒಪ್ಪುವುದಿಲ್ಲ. "ಇದು ಮೈಗೆ ಹೊಂದ್ಯದ್ರಿ ಅಕ್ಕಾರ" ಅನ್ನುತ್ತಾರೆ. ನಾನು ಮೊಣಕೈ, ತೊಡೆಯ ಭಾಗ ಕಿಟಕಿಗೆ ಹಿಡಿದು ನೋಡುತ್ತೇನೆ. ಬೆಳಕು ಕಂಡರೆ, ಹೊಲಿಗೆ ಎಳೆದಾಗ ಬಾಯಿ ಬಿಟ್ಟರೆ, ಎಣ್ಣೆಯ ಕಲೆ ತೊಳೆದರೂ ಹೋಗದಿದ್ದರೆ ಅದರ ಆಯಸ್ಸು ಮುಗಿದಿದೆ. ಆ ಅಂಗಿಯನ್ನೇ ಬಿಚ್ಚಿ ಅಳತೆ ತೆಗೆದು, ಅದೇ ಸಡಿಲು ಇಟ್ಟು, ಮೊದಲೇ ತೊಳೆಸಿದ ಬಟ್ಟೆಯಲ್ಲಿ ಹೊಸದು ಹೊಲಿದು ಕೊಡುತ್ತೇನೆ. ಹಾಗೆ ಕೊಟ್ಟರೆ ಮಾತ್ರ ಹಳೆಯದನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಾರೆ.