ಕಾಫಿ ಕೊಯ್ಲಿನ ಚಳಿ: ನಮ್ಮ ತೋಟದಲ್ಲಿ ಮಾಡಿಕೊಂಡ ವ್ಯವಸ್ಥೆ

ಮೂಡಿಗೆರೆ ಕಡೆ ಅರೇಬಿಕಾ ಕೊಯ್ಲು ಬರುವುದು ನವೆಂಬರ್‌ನಿಂದ ಜನವರಿವರೆಗೆ, ಅಂದ್ರೆ ಸರಿಯಾಗಿ ಚಳಿಗಾಲದಲ್ಲೇ. ನಾನು ತೋಟದ ರೈಟರ್, ಅಂದ್ರೆ ಕೆಲಸದವರ ಲೆಕ್ಕ, ಉಸ್ತುವಾರಿ ನೋಡಿಕೊಳ್ಳುವವನು. ನಮ್ಮಲ್ಲೇನು ಹಿಮ ಬೀಳುತ್ತಾ, ಚಳಿಗೆ ಯಾರಿಗೇನಾಗುತ್ತೆ ಅನ್ನುವವರು ಬೆಳಗ್ಗೆ ಒಂದು ಸಲ ಗಿಡದ ಸಾಲಿನೊಳಗೆ ನುಗ್ಗಿ ನೋಡಬೇಕು. ಎಲೆ ತುಂಬಾ ಇಬ್ಬನಿ. ಕೊಂಬೆ ಬಗ್ಗಿಸಿದ ಕೂಡಲೇ ತಣ್ಣೀರು ಮುಂಗೈಯಿಂದ ಕಂಕುಳವರೆಗೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಸೊಂಟದ ತನಕ ಒದ್ದೆ. ಬಟ್ಟೆ ಒದ್ದೆಯಾಗಿ ಮೇಲಿಂದ ಗಾಳಿಯೂ ಬೀಸಿದರೆ, ಸೊನ್ನೆ ಡಿಗ್ರಿಗಿಂತ ಎಷ್ಟೋ ಮೇಲಿದ್ದರೂ ಮೈಯ ಶಾಖ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಅದಕ್ಕೇ ನಾನು ಮೊದಲು ಬದಲಾಯಿಸಿದ್ದು ಕೊಯ್ಲಿನ ಸರದಿ. ಎಳೆಬಿಸಿಲು ಬೀಳುವ ಪೂರ್ವದ ಇಳಿಜಾರಿನಲ್ಲಿ ಶುರು, ಹಳ್ಳದ ಪಕ್ಕದ ದಟ್ಟ ನೆರಳಿನ ಜಾಗ ಮಧ್ಯಾಹ್ನಕ್ಕೆ. ಕೂಲಿ ಕೆ.ಜಿ. ಲೆಕ್ಕದಲ್ಲಿ ಅಲ್ವಾ, ಸುಮ್ನೆ "ಲೇಟಾಗಿ ಬನ್ನಿ" ಅಂದರೆ ಅವರ ಸಂಪಾದನೆಗೇ ಕತ್ತರಿ. ಬಿಪಿ, ಉಬ್ಬಸ ಇರುವವರನ್ನು, ವಯಸ್ಸಾದವರನ್ನು ದಿನಗೂಲಿ ಮೇಲೆ ಕಾಫಿ ಒಣಗಿಸುವ ಕಣದ ಕೆಲಸಕ್ಕೆ ಹಾಕುತ್ತೇನೆ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಅಂಥವರು ಬೆಳಬೆಳಗ್ಗೆ ಚೀಲ ಹೊತ್ತು ಏರು ಹತ್ತಲೇಬಾರದು.

ಗೊಬ್ಬರದ ಚೀಲವನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದು ಇಲ್ಲಿ ಹಳೇ ರೂಢಿ. ಈಗ ತೋಳಿಗೂ ಪ್ಲಾಸ್ಟಿಕ್ ಸುತ್ತಿಸುತ್ತೇವೆ. ಒಳಗೆ ಉಣ್ಣೆಯ ಸ್ವೆಟರ್ ಇದ್ದರೆ ಒಳ್ಳೆಯದು, ಹತ್ತಿ ಬಟ್ಟೆ ನೆನೆದರೆ ಮೈಗಂಟಿ ಶಾಖ ಎಳೆಯುತ್ತದೆ. ಎಲ್ಲರೂ ಇನ್ನೊಂದು ಜೊತೆ ಒಣ ಬಟ್ಟೆ ತರಬೇಕು. ಹೆಂಗಸರು ಬದಲಾಯಿಸಲು ಟಾರ್ಪಲ್ ಕಟ್ಟಿ ಮರೆ ಮಾಡಿಕೊಟ್ಟ ಮೇಲೆಯೇ ಈ ಮಾತು ನಡೆದದ್ದು. ಶೌಚಾಲಯದ್ದೂ ಅದೇ ಕಥೆ: ಹೋಗಲು ಜಾಗವಿಲ್ಲ ಅಂತ ದಿನವಿಡೀ ನೀರೇ ಕುಡಿಯದೆ ಕೆಲಸ ಮಾಡುವ ಹೆಂಗಸರಿದ್ದಾರೆ, ಚಳಿಯಲ್ಲಿ ಬಾಯಾರಿಕೆ ಗೊತ್ತಾಗದಿದ್ದರೂ ಮೈಗೆ ನೀರು ಬೇಕೇ ಬೇಕು. ಶೌಚಾಲಯ ಕಟ್ಟಿಸದೆ ನೀರು ಕುಡೀರಿ ಅಂತ ಹೇಳುವುದರಲ್ಲಿ ಅರ್ಥವಿಲ್ಲ.

ಬೆರಳು ಬೆಳ್ಳಗಾಗಿ ಜೋಮು ಹಿಡಿದರೆ ಬೆಂಕಿಗೆ ಒಡ್ಡಬೇಡಿ. ಸ್ಪರ್ಶವೇ ಇಲ್ಲದ ಚರ್ಮಕ್ಕೆ ಸುಟ್ಟರೂ ಗೊತ್ತಾಗುವುದಿಲ್ಲ. ಉಗುರುಬೆಚ್ಚಗಿನ ನೀರು ಸಾಕು. ಮೇಸ್ತ್ರಿಗಳಿಗೆ ನಾನು ಹೇಳಿಕೊಟ್ಟಿರುವುದು ಇಷ್ಟು: ಯಾರಾದರೂ ಗಡಗಡ ನಡುಗುತ್ತಾ ಮಾತು ತೊದಲಿದರೆ, ಕೈಯಿಂದ ಹಣ್ಣು ಜಾರಿದರೆ, ಕೆಲಸ ಅಲ್ಲಿಗೇ ನಿಲ್ಲಿಸಿ. ಒದ್ದೆ ಬಟ್ಟೆ ತೆಗೆಸಿ, ಕಂಬಳಿ ಹೊದಿಸಿ, ಪೂರ್ತಿ ಎಚ್ಚರ ಇದ್ದರೆ ಬಿಸಿ ಸಿಹಿ ಟೀ ಕೊಡಿ, 108ಕ್ಕೆ ಫೋನ್ ಮಾಡಿ. ನಡುಕ ನಿಂತು ಮಂಕಾದರೆ ಸುಧಾರಿಸಿತು ಅಂದುಕೊಳ್ಳಬೇಡಿ, ಅದು ಇನ್ನೂ ಅಪಾಯ. ಚಳಿಗೆ ಅಂತ ಸಾರಾಯಿ ಮಾತ್ರ ಬೇಡ. ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ರಾತ್ರಿಯದು. ಕೆಲಸದವರು ಇರುವ ಲೈನ್ ಮನೆಯಲ್ಲಿ (ತೋಟದ ಸಾಲುಮನೆ) ಬಾಗಿಲು ಕಿಟಕಿ ಮುಚ್ಚಿ, ಬಾಂಡ್ಲಿಯಲ್ಲಿ ಕೆಂಡ ಇಟ್ಟುಕೊಂಡು ಮಲಗುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರು ಏಳದೇ ಹೋಗಬಹುದು. ಕೆಂಡ ಬೇಡ ಅನ್ನುವ ಮೊದಲು ಕಂಬಳಿ ಕೊಡಿಸಿದೆವು, ಹೆಂಚಿನ ಸಂದಿ ಸರಿ ಮಾಡಿಸಿದೆವು. ಅಸ್ಸಾಂ ಕಡೆಯಿಂದ ಬಂದವರಿಗೆ ಅವರ ಭಾಷೆ ಬಲ್ಲವರಿಂದಲೇ ಹೇಳಿಸುತ್ತೇನೆ. ರಾತ್ರಿ ಊಟದ ನಂತರ ಒಂದು ಸುತ್ತು ಹೋಗಿ ಬಾಂಡ್ಲಿ ಹೊರಗಿದೆಯಾ ಅಂತ ನೋಡುತ್ತೇನೆ. ಒಂದೇ ಕೋಣೆಯ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಂತಿ ಬಂದರೆ ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತಂದು, ಆಮೇಲೆ ನೇರ ಆಸ್ಪತ್ರೆಗೆ.